ಮೇಲಿನ ಸೆಟ್ಟು

ಅತ್ತಿಗೆ ಫೋನು ಇಟ್ಟ ಮೇಲೂ ಅವನು ರಿಸೀವರನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದ. ಒಳಗಿನ ಒಂದೇ ಸಮನಾದ ಗುಂಯ್ ಸದ್ದು ಯಾವ ಸ್ವರಕ್ಕೆ ಹತ್ತಿರ ಎಂದು ಕಿವಿ ತನ್ನ ಪಾಡಿಗೆ ತಾನು ಅಳೆಯುತ್ತಿರುವುದು ಗೊತ್ತಾಗಿ ತನ್ನ ಮೇಲೆಯೇ ಅಸಹ್ಯವಾಯಿತು. ಮನೆಗೆ ಬೆಂಕಿ ಬಿದ್ದರೂ ಈ ಕಿವಿ ಬೆಂಕಿ ಆರಿಸುವ ಗಾಡಿಯ ಗಂಟೆ ಶ್ರುತಿಯಲ್ಲಿದೆಯೇ ಎಂದು ನೋಡೀತು. ಅತ್ತಿಗೆ ಪಿಸುದನಿಯಲ್ಲಿ ಮಾತಾಡಿದ್ದರು, ಅಣ್ಣ ಸ್ನಾನಕ್ಕೆ ಹೋದ ಹೊತ್ತು ನೋಡಿ. "ಇವತ್ತು ಔಷಧಿ ಅಂಗಡಿಯವರ ಮನೇಲಿ ಪರದೆ ಹಿಂದೆ ಹಾಕೋ ಹಾಡುಗಳಲ್ಲಿ ಒಂದು ನಿಮ್ಮಣ್ಣಂದು. ಕದ್ದುಮುಚ್ಚಿ ರೆಕಾರ್ಡ್ ಮಾಡಿಸ್ಕೊಂಡು ಬಂದಿದ್ದಾರೆ. ಯಾರು ಊದಿದ್ದು ಅಂತ ಗೊತ್ತಿಲ್ದೆ ನೀನೇನು ಹೇಳ್ತೀಯೋ ಅದೇ ಕೊನೆಯಂತೆ. ಚೆನ್ನಾಗಿಲ್ಲ ಅಂದ್ರೆ ನಾಳೆ ಬೆಳಿಗ್ಗೆ ಸ್ಯಾಕ್ಸೊಫೋನನ್ನ ಸ್ಕೂಲ್ ಬ್ಯಾಂಡಿಗೆ ಕೊಟ್ಟುಬಿಡ್ತಾರಂತೆ, ಅವರಿಗೆ ಬರೋಕೂ ಹೇಳಿಯಾಗಿದೆ. ಆಮೇಲೆ ಇವರು ಮನೇಲಿ ಏನು ಮಾಡ್ತಾರೆ ಹೇಳು? ಈಗಲೇ ಕಿಟಕಿ ಹತ್ರ ನಿಂತ್ಕೊಂಡು ಗಾಳೀಲಿ ಬೆರಳು ಆಡಿಸ್ತಿರ್ತಾರೆ. ನಂಗೆ ನೋಡಕ್ಕಾಗಲ್ಲ. ಚೆನ್ನಾಗಿದೆ ಅಂದುಬಿಡು. ನಿನ್ನ ಬಾಯಿಂದ ಒಂದು ಒಳ್ಳೆ ಮಾತು ಬಂದ್ರೆ ನಿನ್ನ ಗಂಟೇನು ಹೋಗುತ್ತೆ?" ಅದಕ್ಕೆ ಅವನು, ಯಾವುದು ಅಣ್ಣನದು ಎಂದು ಹೇಗೆ ಗುರುತು ಹಿಡಿಯುವುದು ಎಂದು ಕೇಳಲಿಲ್ಲ. ಕೇಳುವುದೇ ಅವಮಾನ ಎನಿಸಿತು. "ಅವನು ಕೆಮ್ಮಿದ್ರೂ ನಂಗೆ ಗೊತ್ತಾಗುತ್ತೆ ಅತ್ತಿಗೆ," ಎಂದ. ಎಂಥ ಜಂಬ. ಅತ್ತಿಗೆ ನಿಟ್ಟುಸಿರು ಬಿಟ್ಟು ಫೋನಿಟ್ಟಿದ್ದರು.

ಭಾನುವಾರ ಹಲ್ಲುಸೆಟ್ಟು ಕಟ್ಟುವ ಲ್ಯಾಬಿಗೆ ರಜೆ. ಆದರೂ ಮಧ್ಯಾಹ್ನ ಮನೆಯಿಂದ ಹೊರಟವನ ಕಾಲು ಅತ್ತಲೇ ಎಳೆಯಿತು. ಬೀಗ ತೆಗೆದೊಡನೆ ಕರಗಿದ ಮೇಣದ ವಾಸನೆ, ಪ್ಲಾಸ್ಟರ್ ಪುಡಿಯ ಒಣ ವಾಸನೆ ಮೂಗಿಗೆ ಬಂತು. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಊರಿನವರ ದವಡೆಗಳೆಲ್ಲ ಬಾಯಿ ತೆರೆದುಕೊಂಡು ಕೂತಿದ್ದವು, ಒಂದೊಂದರ ಹಣೆಗೂ ಒಬ್ಬೊಬ್ಬ ಡಾಕ್ಟರ ಚೀಟಿ. ಬೇರೆಯವರ ಬಾಯಿಗೆ ಹಲ್ಲು ಕಟ್ಟಿ ಹೊಟ್ಟೆ ಹೊರೆಯುವವನಿಗೆ ತನ್ನ ನಾಲಿಗೆಯನ್ನು ಹಲ್ಲಿನ ಹಿಂದೆ ಇಟ್ಟುಕೊಳ್ಳುವುದು ಬರುವುದಿಲ್ಲ ಎಂದು ಅತ್ತಿಗೆ ಒಮ್ಮೆ ತಮಾಷೆ ಮಾಡಿದ್ದರು. ಸೆಟ್ಟು ಕೊಟ್ಟಾದ ಮೇಲೆ ಅಚ್ಚನ್ನು ಒಡೆದು ಎಸೆಯುವುದು ರೂಢಿ. ಅಣ್ಣನ ಮೇಲಿನ ದವಡೆಯ ಅಚ್ಚನ್ನು ಮಾತ್ರ ಅವನು ಹಳೆಯ ಪೇಪರಿನಲ್ಲಿ ಸುತ್ತಿ ಕೆಳಗಿನ ಹಲಗೆಯ ಮೂಲೆಯಲ್ಲಿ ಇಟ್ಟಿದ್ದ. ಬಿಚ್ಚಿ ನೋಡಿದ. ಒಂದೂ ಹಲ್ಲಿಲ್ಲದ ಬೋಳು ಒಸಡು, ನಡುವೆ ಸಣ್ಣ ಏಣು. ಹೋಟೆಲಿನ ಬ್ಯಾಂಡಿನಲ್ಲಿ ಮೂವತ್ತು ವರ್ಷ ಊದಿದ ಬಾಯಿ ಇದು. "ಊದೋಕೆ ಬೇಕು ಕಣೋ," ಎಂದಿದ್ದ ಅಣ್ಣ, ಅಳತೆ ಕೊಡುವ ದಿನ ಕುರ್ಚಿಯಲ್ಲಿ ಕೂತು. "ಮುಂದಿನೆರಡು ಸಮ ಇರಲಿ, ಗಿಡ್ಡ ಇರಲಿ, ಒಳಗಿರಲಿ. ಮೌತ್‌ಪೀಸಿನ ಮೇಲೆ ಹಲ್ಲು ಊರಬೇಕು, ಜಾರಬಾರದು. ಚಂದ ಗಿಂದ ಬೇಡ." ಅದೇ ಸಂಜೆ ಅತ್ತಿಗೆ ಬಂದು ಕೈಚೀಲದಿಂದ ಒಂದು ಹಳೆಯ ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಅಣ್ಣ ನಗುತ್ತಿದ್ದ, ಮುಂದಿನ ಎರಡು ಹಲ್ಲು ತುಸು ಉದ್ದವಾಗಿ ಕೆಳತುಟಿಯ ಮೇಲೆ ಕೂತಿದ್ದವು. "ಈ ಮುಖ ವಾಪಸ್ ಕೊಡು," ಎಂದರು ಅತ್ತಿಗೆ. ಅವನಿಗೂ ಅದೇ ಮುಖ ಬೇಕಾಗಿತ್ತು, ತಪ್ಪೆಲ್ಲ ಅತ್ತಿಗೆಯ ತಲೆಗೆ ಕಟ್ಟುವ ಹಾಗಿಲ್ಲ. ಮೇಣದಲ್ಲಿ ಹಲ್ಲು ಕೂರಿಸುವಾಗ ಕೈ ಒಂದು ಕೂದಲೆಳೆಯಷ್ಟು ಮುಂದಕ್ಕೆ ಹೋಯಿತು. ಹೋದದ್ದು ಗೊತ್ತಿದ್ದೂ ಹಿಂದಕ್ಕೆ ತಳ್ಳಲಿಲ್ಲ. ಮುಂದಿನ ಹಲ್ಲು ಒತ್ತಿದರೆ ಸೆಟ್ಟಿನ ಹಿಂಬದಿ ಏಳುತ್ತದೆ. ಕೆಲಸ ಕಲಿಯಲು ಬಂದವನಿಗೂ ಗೊತ್ತಿರುವ ವಿಷಯ ಅದು. ಸೆಟ್ಟು ಹಾಕಿಕೊಂಡ ದಿನ ಅಣ್ಣ ಕನ್ನಡಿ ನೋಡಿಕೊಂಡು ಅದನ್ನು ಕವುಚಿಟ್ಟ, ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಅಣ್ಣ ಊದಿದ್ದನ್ನು ಯಾರೂ ಕೇಳಲಿಲ್ಲ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಹೊಸ ಅಭ್ಯಾಸವೊಂದು ಬಂತು. ಅವನು ಅಚ್ಚನ್ನು ಮತ್ತೆ ಪೇಪರಿನಲ್ಲಿ ಸುತ್ತಿಟ್ಟು, ಕೈಗೆ ಹತ್ತಿದ ಬಿಳಿ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡು ಬೀಗ ಹಾಕಿದ.

ಬೀದಿಯಲ್ಲಿ ಬಿಸಿಲು ಚುರುಕಾಗಿತ್ತು. ಅಂಗಡಿಗಳ ಬಾಗಿಲು ಎಳೆದಿದ್ದರು. ತಾನು ಸುಳ್ಳು ಹೇಳಲು ಹೊರಟಿದ್ದೇನೆ ಎಂಬುದು ಅವನಿಗೆ ದಾರಿಯುದ್ದಕ್ಕೂ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಒತ್ತುತ್ತಿತ್ತು. ಸುಳ್ಳು ಹೇಳುವುದಕ್ಕೆ ಅವನೇನೂ ಹೊಸಬನಲ್ಲ, ಡಾಕ್ಟರುಗಳಿಗೆ ನಾಳೆ ಕೊಡುತ್ತೇನೆ ಎಂದು ದಿನವೂ ಹೇಳುತ್ತಾನೆ. ಆದರೆ ಸಂಗೀತದ ವಿಷಯದಲ್ಲಿ ಅಣ್ಣನ ಎದುರು ಒಂದು ಸಲವೂ ಹೇಳಿರಲಿಲ್ಲ. ಹೋಟೆಲಿನಲ್ಲಿ ಅಣ್ಣನ ಮೊದಲ ಸಂಜೆ. ಮೀಸೆಯೂ ಸರಿಯಾಗಿ ಬಾರದ ಇವನು ಕಂಬದ ಪಕ್ಕ ನಿಂತು ಕೇಳಿದ್ದ. ಮುಗಿದ ಮೇಲೆ ಎಲ್ಲರೂ ಅಣ್ಣನ ಬೆನ್ನು ತಟ್ಟುತ್ತಿದ್ದಾಗ ಇವನು, "ಮೂರನೇದರಲ್ಲಿ ನೀನು ಹಾಡನ್ನ ಕೇಳ್ತಿರಲಿಲ್ಲ, ಜನ ಕೇಳ್ತಿದ್ದಾರಾ ಅಂತ ನೋಡ್ತಿದ್ದೆ," ಎಂದುಬಿಟ್ಟ. ಅಣ್ಣನ ಮುಖ ಇಷ್ಟು ಸಣ್ಣದಾಯಿತು. ಅಪ್ಪ ಮನೆಯಲ್ಲಿ ಕಿವಿ ಹಿಂಡಿದರು, ದೊಡ್ಡವರ ಮುಂದೆ ತಲೆಹರಟೆ ಎಂದು. ಅಣ್ಣ ಎಷ್ಟೋ ದಿನ ಮಾತು ಬಿಟ್ಟ. ಆಮೇಲೆ ಒಂದು ದಿನ ಪೆಟ್ಟಿಗೆ ಕೆಳಗಿಡುವ ಮೊದಲೇ, ಶೂ ಬಿಚ್ಚುವ ಮೊದಲೇ, ನೆಟ್ಟಗೆ ಇವನ ಹತ್ತಿರ ಬಂದು, "ಇವತ್ತು ಹೇಗಿತ್ತು?" ಎಂದ. ಅಂದಿನಿಂದ ಮೂವತ್ತು ವರ್ಷ ಅದೊಂದೇ ಪ್ರಶ್ನೆ. ಬೇರೆಯವರ ಹೊಗಳಿಕೆಯನ್ನು ಅಣ್ಣ ಮಳೆನೀರಿನ ಹಾಗೆ ಕೊಡವಿಕೊಳ್ಳುತ್ತಿದ್ದ. ತಾನು ಮೆಚ್ಚಿದ ದಿನ ಮಾತ್ರ ಅಣ್ಣನಿಗೆ ಊಟದಲ್ಲಿ ಎರಡು ತುತ್ತು ಜಾಸ್ತಿ ಇಳಿಯುತ್ತಿತ್ತು ಎನ್ನುವುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಮೆಚ್ಚಿದ್ದು ಅಪರೂಪ. ಅದರಲ್ಲಿ ತನಗೊಂದು ಸುಖವಿತ್ತೇ? ಅಣ್ಣನ ಹಾಗೆ ಊದಲಾಗದವನ ಹೊಟ್ಟೆಯುರಿ ಇತ್ತೇ? ಮೂಲೆಯಲ್ಲಿ ತಿರುಗುವಾಗ ಒಬ್ಬ ಸೈಕಲ್ಲಿನವನು ಬೈದುಕೊಂಡು ಹೋದ. ಅವನು ಬೈದದ್ದು ಸರಿಯಾಗಿಯೇ ಇದೆ ಎನಿಸಿತು.

ಔಷಧಿ ಅಂಗಡಿಯ ಮೇಲಿನ ಕೋಣೆ. ಮೆಟ್ಟಿಲು ಹತ್ತುವಾಗಲೇ ಕೆಮ್ಮಿನ ಔಷಧಿಯ ಸಿಹಿ ವಾಸನೆ, ರಟ್ಟಿನ ಪೆಟ್ಟಿಗೆಗಳ ವಾಸನೆ. ಅವನಿಗೆ ಜಾಜ್ ಎಂದರೆ ಈಗಲೂ ಮೊದಲು ನೆನಪಾಗುವುದು ಈ ಕೆಮ್ಮಿನ ಔಷಧಿಯೇ. ಕೋಣೆಯ ಒಂದು ಮೂಲೆಗೆ ತಂತಿ ಕಟ್ಟಿ ಮಾಸಿದ ಹಸಿರು ಪರದೆ ಇಳಿಬಿಟ್ಟಿದ್ದರು. ಅದರ ಹಿಂದೆ ಪ್ಲೇಯರು, ರೆಕಾರ್ಡುಗಳ ಕಪಾಟು. ಭಾನುವಾರದ ಆಟ ಅದು: ಅಂಗಡಿಯವರು ಪರದೆಯ ಹಿಂದೆ ಹೋಗಿ ಏನನ್ನಾದರೂ ಹಾಕುತ್ತಾರೆ. ಯಾರು ಊದಿದ್ದು, ಯಾವಾಗಿನದು ಎಂದು ಕೇಳುವ ಹಾಗಿಲ್ಲ. ಪ್ರತಿಯೊಬ್ಬರೂ ಮೊದಲು ತಮ್ಮ ಅಭಿಪ್ರಾಯ ಹೇಳಬೇಕು, ಆಮೇಲೆ ಹೆಸರು. ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ದೊಡ್ಡ ಹೆಸರು ಕೇಳಿದೊಡನೆ ತಲೆದೂಗುವ ಜನರ ಮೇಲಿನ ಸಿಟ್ಟಿಗೆ ಹುಟ್ಟಿಕೊಂಡ ಆಟ. ಎಷ್ಟೋ ಸಲ ತಮ್ಮ ದೇವರನ್ನೇ ತಾವು ಬೈದು ಎಲ್ಲರ ಮುಖವೂ ಕೆಂಪಾದದ್ದುಂಟು. ಅವನ ಸರದಿ ಯಾವಾಗಲೂ ಕೊನೆಗೆ, ಅವನ ಮಾತು ಕೇಳಿದ ಮೇಲೆ ಉಳಿದವರ ಮಾತು ಬದಲಾಗುತ್ತದೆ ಎಂಬ ಕಾರಣಕ್ಕೆ. ಅವನಿಗೆ ಜಡ್ಜ್ ಎಂದು ಹೆಸರಿಟ್ಟದ್ದು ಆಟಕ್ಕೆ ಬರುವ ವಕೀಲರು. ಮೊದಲು ಅದು ಬರಿಯ ಗೇಲಿಯಾಗಿತ್ತು. "ಕೋರ್ಟಿನಲ್ಲಿ ಇಂಥ ಜಡ್ಜ್ ಸಿಕ್ಕಿದ್ರೆ ನಾನು ಎಂದೋ ಕೋಟು ಕಳಚಿ ಕಿರಾಣಿ ಅಂಗಡಿ ಇಡ್ತಿದ್ದೆ," ಎನ್ನುತ್ತಿದ್ದರು.

ವಕೀಲರು ಆಗಲೇ ಬಂದು ಬೆತ್ತದ ಕುರ್ಚಿ ಹಿಡಿದಿದ್ದರು. ಎದುರಿಗೆ, ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಮಾಡುವ ಎಕ್ಸ್‌ರೇ ಮೇಡಂ ಕಾಲ ಮೇಲೆ ಕಾಲು ಹಾಕಿ ಕೂತು ಜಗಳ ಶುರು ಮಾಡಿಯಾಗಿತ್ತು. ಅಣ್ಣ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ, ಹೊಸದಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು. ಆ ಇಸ್ತ್ರಿ ನೋಡಿ ಅವನ ಎದೆ ಧಸಕ್ಕೆಂದಿತು. ಅಣ್ಣ ಕಣ್ಣಿನಲ್ಲೇ ಮಾತಾಡಿಸಿದ, ಬಾಯಿ ತೆರೆಯಲಿಲ್ಲ.

"ಜನ ಕುಣಿಯೋದು ಬಿಟ್ಟ ದಿನವೇ ಜಾಜ್ ಸತ್ತುಹೋಯ್ತು," ಎನ್ನುತ್ತಿದ್ದರು ವಕೀಲರು. "ಲೆಸ್ಟರ್ ಯಂಗ್ ಊದಿದ್ದು ಕೇಳಿ, ಪಕ್ಕದಲ್ಲಿ ಕೂತು ಮಾತಾಡಿದ ಹಾಗಿರುತ್ತೆ. ನಿಮ್ಮ ಕೋಲ್ಟ್ರೇನ್ ಊದಿದ್ರೆ ನನ್ನ ಮೇಲೆ ಕೇಸು ಹಾಕಿದ ಹಾಗಿರುತ್ತೆ."

"ನೀವು ತಪ್ಪು ಮಾಡಿರ್ತೀರಿ, ಅದಕ್ಕೇ ಹಾಗನ್ಸುತ್ತೆ," ಎಂದರು ಎಕ್ಸ್‌ರೇ ಮೇಡಂ. "ನಿಮಗೆ ಸಂಗೀತ ಅಂದ್ರೆ ದಿಂಬು ಇದ್ದ ಹಾಗಿರಬೇಕು. ನಂಗೆ ಅದು ಒಳಗೆ ಮುರಿದಿರೋದನ್ನ ತೋರಿಸ್ಬೇಕು."

"ಅದಕ್ಕೆ ನಿಮ್ಮ ಆಸ್ಪತ್ರೆ ಇದೆಯಲ್ಲ ತಾಯಿ!"

ಅಣ್ಣ ನಕ್ಕ, ಬಾಯಿಗೆ ಕೈ ಅಡ್ಡ ಹಿಡಿದು. ಅಂಗಡಿಯವರು ಟೀ ಲೋಟಗಳನ್ನು ಇಡುತ್ತ, ಪ್ಲೇಯರಿನ ಬೆಲ್ಟು ಹರಿದಿದೆ, ಅದಕ್ಕೇ ಇವತ್ತು ಎಲ್ಲವೂ ಕ್ಯಾಸೆಟ್ಟು, ಹಳೆಯ ರೆಕಾರ್ಡುಗಳನ್ನು ಹಿಂದೆ ತಾವೇ ಕ್ಯಾಸೆಟ್ಟಿಗೆ ಇಳಿಸಿಕೊಂಡದ್ದು ಎಂದರು. ಹೇಳುವಾಗ ಅವರು ಇವನ ಮುಖ ನೋಡಲಿಲ್ಲ. ಗೊತ್ತಾಯಿತು ನಿಮ್ಮ ನಾಟಕ ಎಂದುಕೊಂಡ ಅವನು. ಬೆಲ್ಟು ಹರಿದಿದೆಯಂತೆ, ಹರಿದಿದೆ! ಅಣ್ಣನದು ಕ್ಯಾಸೆಟ್ಟು, ಅದು ಬೇರೆಯಾಗಿ ಕಾಣಬಾರದೆಂದು ಎಲ್ಲವನ್ನೂ ಕ್ಯಾಸೆಟ್ಟು ಮಾಡಿದ್ದಾರೆ. ಪತ್ತೆ ಹಚ್ಚಿದ ಖುಷಿ ಒಂದು ಗಳಿಗೆ ಅವನನ್ನು ಬೆಚ್ಚಗಿರಿಸಿತು.

ಮೊದಲನೆಯದು ತುತ್ತೂರಿಯದು, ಟ್ರಂಪೆಟ್ಟು, ವೇಗದ್ದು. ಸ್ಯಾಕ್ಸೊಫೋನ್ ಅಲ್ಲ ಎಂದು ತಿಳಿದೊಡನೆ ಅವನ ಕಿವಿ ಮುಚ್ಚಿಕೊಂಡುಬಿಟ್ಟಿತು. ಇದು ಅವನಿಗೆ ಎಂದೂ ಆಗಿರದ ಅನುಭವ. ಸಂಗೀತ ಕೋಣೆಯಲ್ಲಿ ಓಡಾಡುತ್ತಿತ್ತು, ಅವನು ಮಾತ್ರ ಹೊರಗೆ ಬಸ್ಸಿಗೆ ಕಾಯುವವನ ಹಾಗೆ ಕಾಯುತ್ತಿದ್ದ. ವಕೀಲರು ಬಾಯಿಬಡುಕತನ ಎಂದರು, ಎಕ್ಸ್‌ರೇ ಮೇಡಂ ಡ್ರಮ್ಮಿನವನನ್ನು ಹೊಗಳಿದರು, ಅಣ್ಣ, "ಉಸಿರು ಚೆನ್ನಾಗಿದೆ," ಎಂದಷ್ಟೇ ಹೇಳಿದ. ಕೊನೆಗೆ ಅವನು ಏನೋ ಒಂದು ಹೇಳಿದ. ಏನು ಹೇಳಿದನೋ ಹೇಳಿ ಮುಗಿಸುವಷ್ಟರಲ್ಲಿ ಮರೆತುಹೋಯಿತು. ಹೆಸರು ಬಂತು, ವಕೀಲರು ತಲೆ ಚಚ್ಚಿಕೊಂಡರು, ನಗೆ ಎದ್ದಿತು. ಅಣ್ಣನ ಎರಡೂ ಕೈ ಮಂಡಿಗಳ ಮೇಲೆ ಮಟ್ಟಸವಾಗಿ ಕೂತಿದ್ದವು, ಫೋಟೋ ತೆಗೆಸಿಕೊಳ್ಳುವವನ ಕೈಯಂತೆ.

ಎರಡನೆಯ ಕ್ಯಾಸೆಟ್ಟು. ಪಿಯಾನೋ ನಾಲ್ಕು ಹೆಜ್ಜೆ ಹಾಕಿತು, ದಪ್ಪ ತಂತಿಯ ಬಾಸು ಸೇರಿಕೊಂಡಿತು, ಆಮೇಲೆ ಟೆನರ್ ಸ್ಯಾಕ್ಸೊಫೋನು, ನಿಧಾನದ ಗತಿ. ಅವನ ಬೆನ್ನು ತಾನಾಗಿ ನೆಟ್ಟಗಾಯಿತು. ಇದೇ. ಸ್ವರ ಅಲುಗಾಡುತ್ತಿತ್ತು, ಬೇಕಾದ್ದಕ್ಕಿಂತ ದೊಡ್ಡದಾಗಿ; ಪ್ರತಿ ಸಾಲಿನ ಕೊನೆಗೂ ಗಾಳಿ ಸೋರುತ್ತಿತ್ತು. ಸೋರದೆ ಏನು, ಮುಂದೆ ಒತ್ತಿದರೆ ಹಿಂದೆ ಏಳುತ್ತದೆ. ಅಣ್ಣ ಹೀಗೆ ಊದುತ್ತಿರಲಿಲ್ಲ, ಇದು ಅಣ್ಣನಲ್ಲ, ಇದು ತಾನು ಕಟ್ಟಿದ ಹಲ್ಲು ಎಂದುಕೊಂಡ. ಅಷ್ಟರಲ್ಲಿ ಅದು ಕೇಳಿಸಿತು, ಟಿಕ್ ಎಂದು, ತೀರ ಸಣ್ಣಗೆ. ಸ್ವಲ್ಪ ಹೊತ್ತಿಗೆ ಮತ್ತೆ ಟಿಕ್. ಹಲ್ಲುಸೆಟ್ಟು ಮೌತ್‌ಪೀಸಿಗೆ ತಾಗುವ ಸದ್ದು. ಜಗತ್ತಿನಲ್ಲಿ ಬೇರೆ ಯಾರಿಗೂ ತಿಳಿಯದ ಸದ್ದು, ಅದನ್ನು ಮಾಡಿದವನಿಗೆ ಮಾತ್ರ ತಿಳಿಯುವಂಥದು. ಮೇಣ ಇನ್ನೂ ಮೆತ್ತಗಿದ್ದಾಗ ಹೆಬ್ಬೆರಳಿನಿಂದ ಸುಮ್ಮನೆ ಒಂದು ಸಲ ಒತ್ತಿದ್ದರೆ ಆಗುತ್ತಿತ್ತು. ಅಣ್ಣನ ಕಡೆ ನೋಡುವ ಧೈರ್ಯವಾಗಲಿಲ್ಲ, ಪರದೆಯ ಅಂಚಿನ ಹೊಲಿಗೆ ಬಿಟ್ಟ ಜಾಗವನ್ನೇ ನೋಡುತ್ತ ಕೂತ. ಹಾಡು ಮುಗಿಯಿತು. ವಕೀಲರು, "ಊಟದ ಜೊತೆ ಕೇಳಬಹುದು, ಊಟ ಚೆನ್ನಾಗಿದ್ರೆ," ಎಂದರು. ಎಕ್ಸ್‌ರೇ ಮೇಡಂ ಕೈಯಾಡಿಸಿಬಿಟ್ಟರು, ಹೇಳುವುದಕ್ಕೇ ಏನಿಲ್ಲ ಎಂಬಂತೆ. ಅವರ ಮೇಲೆ ಅವನಿಗೆ ಕೆಂಡದಂಥ ಸಿಟ್ಟು ಬಂತು. ಈ ಜನರಿಗೆ ಏನು ಗೊತ್ತು?

"ನನ್ನ ಪ್ರಕಾರ ಇದು ದೊಡ್ಡದು," ಎಂದ ಅವನು. ದನಿ ತನ್ನದಲ್ಲ ಎನಿಸಿತು. "ನಿಮಗೆಲ್ಲ ಅವನ ಸ್ವರ ಅಲುಗಿದ್ದು ಮಾತ್ರ ಕೇಳಿಸಿದೆ. ಅದು ಯಾಕೆ ಅಲುಗ್ತಿದೆ ಅಂತ ಯೋಚನೆ ಮಾಡಿ. ಇವನು ಬಾಳಿದವನು. ಆ ಗಾಳಿ ಸೋರೋದಿದೆಯಲ್ಲ, ಅದು ದೋಷ ಅಲ್ಲ, ಅದೇ ಅವನ ಮಾತು. ಇಷ್ಟು ಮುಚ್ಚುಮರೆ ಇಲ್ಲದೆ ಊದಿದ್ದನ್ನ ನಾನು ಈ ಕೋಣೇಲಿ ಕೇಳೇ ಇಲ್ಲ." ನಿಲ್ಲಿಸಬೇಕಿತ್ತು. ನಾಲಿಗೆ ನಿಲ್ಲಲಿಲ್ಲ. "ಇವನು ಊದೋದು ನಿಲ್ಲಿಸಿದ್ರೆ ನಮ್ಮಂಥವರಿಗೆ ನಷ್ಟ."

ವಕೀಲರು ಟೀ ಲೋಟವನ್ನು ತುಟಿಯ ಹತ್ತಿರ ಹಿಡಿದವರು ಹಿಡಿದೇ ಇದ್ದರು. ಪರದೆಯ ಹಿಂದೆ ಅಂಗಡಿಯವರು ಕೆಮ್ಮಿದರು. ಹೊರಗೆ ಬರುವುದೋ ಬೇಡವೋ ಎಂಬ ಕೆಮ್ಮು ಅದು. ಆಮೇಲೆ ಪರದೆ ಸರಿಸಿ ನಿಂತು, ನೆಲ ನೋಡಿಕೊಂಡು, "ಇದು ಆ ಹಡಗಿನವನದು," ಎಂದರು. ಪ್ರವಾಸದ ಹಡಗಿನಲ್ಲಿ ಊಟದ ಹೊತ್ತಿಗೆ ನುಡಿಸುತ್ತಿದ್ದ ಯಾವನೋ ಒಬ್ಬನ ರೆಕಾರ್ಡು. ಇದೇ ಕೋಣೆಯಲ್ಲಿ, ಇದೇ ಕುರ್ಚಿಯಲ್ಲಿ ಕೂತು ಅವನೇ ಹಿಂದೊಮ್ಮೆ ಅದನ್ನು ಗಾಯದ ಮೇಲೆ ಸಕ್ಕರೆ ಪಾಕ ಸುರಿದ ಹಾಗಿದೆ ಎಂದು ಹೇಳಿ, ಎರಡನೆಯ ಬದಿ ಹಾಕಲೂ ಬಿಡದೆ ಎದ್ದುಹೋಗಿದ್ದ.

"ಗಾಳಿಯೇ ಅವನ ಮಾತು!" ವಕೀಲರು ತೊಡೆ ತಟ್ಟಿಕೊಂಡು ನಕ್ಕರು. "ಜಡ್ಜ್ ಸಾಹೇಬರು ತಮ್ಮ ತೀರ್ಪನ್ನ ತಾವೇ ತಳ್ಳಿಹಾಕಿದ್ರು!"

"ಮತ್ತೆ ಆ ಟಿಕ್ ಟಿಕ್?" ಎಂದುಬಿಟ್ಟ ಅವನು.

"ರೆಕಾರ್ಡಿಗೆ ಗೆರೆ ಬಿದ್ದಿತ್ತಲ್ಲ," ಎಂದರು ಎಕ್ಸ್‌ರೇ ಮೇಡಂ, ಅವನ ಮುಖವನ್ನೇ ನೋಡುತ್ತ. "ಪ್ರತಿ ಸುತ್ತಿಗೂ ಸರಿಯಾಗಿ ಬರ್ತಿತ್ತು. ನಿಮಗೆ ಅದು ಗೊತ್ತಾಗಲಿಲ್ವಾ? ಹುಷಾರಾಗಿದ್ದೀರಾ?" ಅವರು ನಗುತ್ತಿರಲಿಲ್ಲ. ವಕೀಲರ ನಗುವಿಗಿಂತ ಆ ಕಾಳಜಿಯೇ ಹೆಚ್ಚು ಚುಚ್ಚಿತು. ಅವನು ಅಣ್ಣನ ಕಡೆ ತಿರುಗಿದ. ಅಣ್ಣನೂ ನಗುತ್ತಿರಲಿಲ್ಲ. ಅಣ್ಣನ ಮುಖ ನಿಧಾನವಾಗಿ, ಹೋಟೆಲಿನ ಆ ಮೊದಲ ಸಂಜೆಯ ಹಾಗೆ, ಸಣ್ಣದಾಗುತ್ತಿತ್ತು. ಎಲ್ಲ ತಿಳಿದುಹೋಗಿತ್ತು ಅಣ್ಣನಿಗೆ. ಯಾರಿಗಾಗಿ ಆ ಹೊಗಳಿಕೆ, ಯಾರು ಹೇಳಿಸಿದ್ದು, ಕೇಳುವ ಮೊದಲೇ ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಬಂದದ್ದು, ಎಲ್ಲ. ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವನಿಗೆ. ಅಂಗಡಿಯವರು ಗಡಿಬಿಡಿಯಲ್ಲಿ, "ಇನ್ನೊಂದಿದೆ, ಕೇಳೋಣ," ಎಂದು ಪರದೆ ಎಳೆದುಕೊಂಡರು. ಬೇಡ ಎನ್ನಲು ಅಣ್ಣ ಕೈ ಎತ್ತಿದ್ದನ್ನು ಅವನು ಕಂಡ, ಪರದೆಯ ಹಿಂದಿನವರು ಕಾಣಲಿಲ್ಲ.

ಜೊತೆಗೆ ಯಾರೂ ಇರಲಿಲ್ಲ, ಪಿಯಾನೋ ಇಲ್ಲ, ಬಾಸಿಲ್ಲ. ಖಾಲಿ ಕೋಣೆಯೊಂದರ ಸದ್ದು, ಆಮೇಲೆ ಒಂದು ಕೆಳಗಿನ ಸ್ವರ, ದಪ್ಪಗೆ, ಮೆತ್ತಗೆ, ಅಂಚೇ ಇಲ್ಲದೆ. ಅವನಿಗೆ ಕೇಳುವ ಮನಸ್ಸೇ ಇರಲಿಲ್ಲ. ಅವಮಾನ ಕಿವಿಯೊಳಗೆ ಇನ್ನೂ ಕುದಿಯುತ್ತಿತ್ತು. ಅಣ್ಣ ಎದ್ದು ಹೋಗುವ ಮುನ್ನ ಏನು ಹೇಳಲಿ, ಹೇಗೆ ಹೇಳಲಿ ಎಂದು ಹುಡುಕುತ್ತಿದ್ದವನನ್ನು ಆ ಸ್ವರ ಯಾವಾಗ ಹಿಡಿದುಕೊಂಡಿತೋ ತಿಳಿಯಲಿಲ್ಲ. ಊದುವವನಿಗೆ ಅವಸರವಿರಲಿಲ್ಲ. ಒಂದು ಸಾಲು ಹೇಳಿ, ಹೇಳಿದ್ದು ಸರಿಯೇ ಎಂದು ತಾನೇ ಒಂದಿಷ್ಟು ಕೇಳಿಸಿಕೊಂಡು, ಆಮೇಲೆ ಮುಂದಿನ ಸಾಲಿಗೆ ಹೋಗುತ್ತಿದ್ದ. ಇಂಥ ಸ್ವರವನ್ನು ಅವನು ಯಾವ ರೆಕಾರ್ಡಿನಲ್ಲೂ ಕೇಳಿರಲಿಲ್ಲ. ಹಳೆಯ ರೆಕಾರ್ಡುಗಳ ಹಾಕಿನ್ಸನ ತೂಕವಿಲ್ಲ, ಯಂಗನ ಹಗುರತನವೂ ಇಲ್ಲ. ತುಟಿಗೂ ಲೋಹಕ್ಕೂ ನಡುವೆ ಏನೂ ಇಲ್ಲದ ಹಾಗೆ, ಮಗು ಬಾಯಿ ತೆರೆದ ಹಾಗೆ. ಯಾರಿದು? ಎಷ್ಟು ಚೆನ್ನಾಗಿದೆ ಇದು, ಎಷ್ಟು ಚೆನ್ನಾಗಿದೆ ಎಂದು ಅವನ ಒಳಗೆಲ್ಲ ತುಂಬಿ ಬಂತು. ಇಂಥದೊಂದನ್ನು ಕೇಳುವುದಕ್ಕೇ ಅಲ್ಲವೇ ತಾನು ಇಷ್ಟು ವರ್ಷ ಈ ಮೆಟ್ಟಿಲು ಹತ್ತಿದ್ದು? ಕಣ್ಣು ಮಂಜಾಗಿ, ಅದನ್ನು ಮರೆಸಲು ತಲೆ ತಗ್ಗಿಸಿದಾಗ ಬಾಗಿಲ ಬಳಿಯ ಸ್ಟೂಲು ಕಂಡಿತು. ಅಣ್ಣನ ಬೆರಳುಗಳು ಮಂಡಿಯ ಮೇಲೆ ಚಲಿಸುತ್ತಿದ್ದವು. ಸ್ವರ ಏರಿದಾಗ ಬೆರಳು ಏಳುತ್ತಿತ್ತು, ಇಳಿದಾಗ ಊರುತ್ತಿತ್ತು, ಒಂದಿಷ್ಟೂ ಹಿಂದೆಮುಂದೆ ಇಲ್ಲದೆ. ಕೆಮ್ಮಿದರೂ ಗೊತ್ತಾಗುತ್ತದೆ ಎಂದಿದ್ದ ಕಿವಿಗೆ ಗೊತ್ತಾಗದ್ದು ಕಣ್ಣಿಗೆ ಗೊತ್ತಾಯಿತು.

ಕ್ಯಾಸೆಟ್ಟು ಮುಗಿಯಿತು. "ಹಳಬ," ಎಂದರು ವಕೀಲರು, ಗೇಲಿಯ ದನಿ ಪೂರಾ ಇಳಿದುಹೋಗಿ. "ಆದ್ರೆ ನಾನು ಕೇಳಿದವರಲ್ಲಿ ಯಾರೂ ಅಲ್ಲ."

"ಇವನು ಯಾರನ್ನೂ ಮೆಚ್ಚಿಸೋಕೆ ಊದ್ತಿಲ್ಲ," ಎಂದರು ಎಕ್ಸ್‌ರೇ ಮೇಡಂ. "ಇನ್ನೊಂದ್ಸಲ ಹಾಕ್ತೀರಾ?"

ಈಗ ಅವನ ಸರದಿ. ಎಲ್ಲರೂ ಅವನ ಕಡೆ ನೋಡಿದರು, ಅಣ್ಣನೊಬ್ಬನನ್ನು ಬಿಟ್ಟು. ಹೇಳಬೇಕಾದದ್ದೆಲ್ಲ ಅವನ ಬಾಯಲ್ಲಿ ಸಿದ್ಧವಾಗಿತ್ತು, ಒಂದೊಂದು ಮಾತೂ ನಿಜ. ಆದರೆ ಮುಚ್ಚುಮರೆ ಇಲ್ಲ ಎಂದು ಹೇಳಹೊರಟರೆ ಅದನ್ನು ಆಗಲೇ ಹಡಗಿನವನಿಗೆ ಕೊಟ್ಟಾಗಿತ್ತು. ಬಾಳಿದವನು ಎಂಬುದನ್ನೂ ಅವನಿಗೇ ಕೊಟ್ಟಾಗಿತ್ತು. ಒಳ್ಳೆಯ ಮಾತುಗಳನ್ನೆಲ್ಲ ಎಂಜಲು ಮಾಡಿ ಇಟ್ಟಿದ್ದ. "ಚೆನ್ನಾಗಿದೆ," ಎಂದ. "ತುಂಬ ಚೆನ್ನಾಗಿದೆ. ನಾನು ನಿಜವಾಗ್ಲೂ..."

"ಅದೂ ಚೆನ್ನಾಗಿತ್ತು, ಇದೂ ಚೆನ್ನಾಗಿದೆ," ಎಂದು ಅಣ್ಣ ಎದ್ದು ನಿಂತ. "ಜಡ್ಜ್ ಇವತ್ತು ರಜೆ." ಪರದೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದ ಅಂಗಡಿಯವರಿಗೆ, "ಹೆಸರು ಹೇಳಬೇಡಿ," ಎಂದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಇಳಿದುಹೋದ.

ಅವನು ಹಿಂದೆಯೇ ಓಡಿದ. ಅಂಗಡಿಯ ಪಕ್ಕದ ಗೋಡೆಯ ನೆರಳಿನಲ್ಲಿ ಅಣ್ಣ ನಿಂತಿದ್ದ, ಇವನು ಬರುತ್ತಾನೆಂದು ಗೊತ್ತಿದ್ದವನ ಹಾಗೆ. "ನಿನ್ನ ಅತ್ತಿಗೆ ಫೋನ್ ಮಾಡಿದ್ಳಾ?" ಎಂದ. ಇವನು ಹೌದೆಂದು ತಲೆಯಾಡಿಸಿದ. ಅಣ್ಣ ಗೋಡೆಯ ಕಡೆ ತಿರುಗಿ ಬಾಯಿಗೆ ಕೈ ಹಾಕಿದ. ತಿರುಗಿದಾಗ ಮೇಲಿನ ತುಟಿ ಒಳಗೆ ಕುಸಿದು ಮುಖ ಅಪ್ಪನ ಮುಖದಂತಾಗಿತ್ತು. ಕರವಸ್ತ್ರದಲ್ಲಿ ಸುತ್ತಿದ ಸೆಟ್ಟನ್ನು ಇವನ ಅಂಗೈಯಲ್ಲಿಟ್ಟ. "ಇದನ್ನ ಹಾಕ್ಕೊಂಡು ಊದಿದ್ದಲ್ಲ ಅದು," ಎಂದ, ಮಾತಿನ ಜೊತೆ ಗಾಳಿಯೂ ಬರುತ್ತ. "ಇದರಲ್ಲಿ ಆಗಲ್ಲ. ತಿಂಗಳುಗಟ್ಟಲೆ ನೋಡಿದೆ. ತೆಗೆದಿಟ್ಟು, ತುಟಿ ಮಡಿಸಿ ಒಸಡಿನ ಮೇಲೆ ಹಿಡಿದು ಊದಿದೆ. ರಕ್ತ ಬಂತು, ಆಮೇಲೆ ಗಟ್ಟಿಯಾಯ್ತು. ಏನೋ ಒಂದು ಬರ್ತಿದೆ ಅನ್ಸ್ತು. ಅದು ಸಂಗೀತವೋ, ಮುದುಕನ ಹುಚ್ಚೋ ನಂಗೆ ಗೊತ್ತಾಗಲ್ಲ. ನಿಜ ಹೇಳು ಅಂತ ಕೇಳೋಕೆ ನಂಗೆ ನಿನ್ನ ಬಿಟ್ರೆ ಯಾರಿದ್ದಾರೆ? ನೀನೂ ಹೀಗೆ ಮಾಡಿದೆ." ಬಾಯಿ ಮುಚ್ಚಿಕೊಳ್ಳಲೂ ಇಲ್ಲ ಅಣ್ಣ, ಕೈ ಎರಡೂ ಕೆಳಗೆ ಜೋತುಬಿದ್ದಿದ್ದವು. ನಾಳೆ ಬೆಳಿಗ್ಗೆ ಸ್ಕೂಲಿನವರು ಬರುತ್ತಾರೆ, ಅಣ್ಣ ಪೆಟ್ಟಿಗೆ ಎತ್ತಿ ಕೊಡುತ್ತಾನೆ, ಅತ್ತಿಗೆ ಒಳಗೆ ನಿಂತಿರುತ್ತಾರೆ. ಚೆನ್ನಾಗಿದೆ ಎಂದು ಕಾಲು ಹಿಡಿದು ಹೇಳಿದರೂ ಈ ಮನುಷ್ಯ ಇನ್ನು ನಂಬುವುದಿಲ್ಲ. ನಂಬುವ ಮಾತು ತನ್ನ ಹತ್ತಿರ ಒಂದೇ ಬಗೆಯದು ಉಳಿದಿದೆ ಎಂದು ಅವನಿಗೆ ಹೊಳೆದದ್ದು, ಹೊಳೆದೊಡನೆ ನಾಲಿಗೆ ಹೆದರಿ ಹಿಂದೆ ಸರಿದದ್ದು, ಎರಡೂ ಒಟ್ಟಿಗೇ ಆಯಿತು.

"ಹಾಡಿನ ಎರಡನೇ ಸುತ್ತು," ಎಂದ ಅವನು. "ನಡುವಿನ ಭಾಗಕ್ಕೆ ತಿರುಗೋ ಮುಂಚೆ ಒಂದು ಉದ್ದದ ಸ್ವರ ಇದೆಯಲ್ಲ, ಅಲ್ಲಿ ನಿನಗೆ ಉಸಿರು ಮುಗಿದಿತ್ತು. ಅದಕ್ಕೆ ಮುಂಚೆಯೇ ತಗೋಬೇಕಿತ್ತು, ತಗೊಳ್ಳಲಿಲ್ಲ. ಇನ್ನೂ ಎಳೀತೀನಿ ಅಂತ ಸೊಕ್ಕು. ಸ್ವರ ಅರ್ಧಕ್ಕೇ ಬಿತ್ತು, ಅದನ್ನ ಮುಚ್ಚೋಕೆ ಮುಂದಿನ ಸಾಲನ್ನ ಓಡಿಸಿದೆ." ಆ ತಪ್ಪು ಆಗಲೇ ತನಗೆ ಕೇಳಿಸಿತ್ತೇ, ಅಥವಾ ಈಗ ಈ ಗೋಡೆಯ ನೆರಳಿನಲ್ಲಿ ಬೇಕೆಂದೇ ಹುಡುಕಿ ತೆಗೆದದ್ದೇ ಎಂಬುದು ಅವನಿಗೇ ತಿಳಿಯಲಿಲ್ಲ. ಅಣ್ಣ ಅವನನ್ನೇ ನೋಡಿದ. ಇಷ್ಟು ಹೊತ್ತು ಯಾರಾದರೂ ತನ್ನನ್ನು ನೋಡಿದ್ದು ಅವನಿಗೆ ನೆನಪಿರಲಿಲ್ಲ.

"ಅದು ನಿಂಗೆ ಕೇಳಿಸ್ತಾ?" ಎಂದ ಅಣ್ಣ.

"ಕೇಳಿಸ್ತು."

"ಬೇರೆ?"

"ಬೇರೆ ಏನಿಲ್ಲ. ಅದೊಂದೇ."

ಅಣ್ಣ ನಕ್ಕ. ಕೈ ಅಭ್ಯಾಸಬಲದಿಂದ ಬಾಯಿಯ ಕಡೆ ಹೊರಟು, ಎದೆಯವರೆಗೆ ಬಂದು, ಅಲ್ಲಿಂದ ಹಾಗೇ ಇಳಿಯಿತು. ಹಲ್ಲಿಲ್ಲದ ಆ ನಗು ಅತ್ತಿಗೆಯ ಫೋಟೋದ ನಗುವಾಗಿರಲಿಲ್ಲ. "ಎರಡನೇ ಸುತ್ತು," ಎಂದು ತನಗೆ ತಾನೇ ಹೇಳಿಕೊಂಡ. ಹೊರಟವನು ನಾಲ್ಕು ಹೆಜ್ಜೆ ಇಟ್ಟು ನಿಂತು, ಇವನ ಮುಷ್ಟಿಯ ಕಡೆ ಗದ್ದದಿಂದ ತೋರಿಸಿ, "ಅದನ್ನ ಊಟಕ್ಕೆ ಸರಿ ಮಾಡಿಕೊಡು," ಎಂದ. "ಊದೋಕೆ ಅದು ಬೇಡ."

ಅಣ್ಣ ಬಿಸಿಲಿಗೆ ಇಳಿದು ನಡೆದುಹೋದ, ಬಲಗೈಯ ಬೆರಳುಗಳನ್ನು ತೊಡೆಯ ಪಕ್ಕದಲ್ಲಿ ಆಡಿಸುತ್ತ. ಅವನು ಅಲ್ಲಿಯೇ ನಿಂತಿದ್ದ. ಕರವಸ್ತ್ರದೊಳಗೆ ಸೆಟ್ಟು ಇನ್ನೂ ಬೆಚ್ಚಗಿತ್ತು.